ಒಂದೇ ಎಳೆತಕ್ಕೆ ಬಿಚ್ಚುವ ಗಂಟು

ಬೆಳಗಿನ ಐದು ಗಂಟೆ. ಮನಿಲಾದ ಗ್ವಾದಲೂಪೆ ಸೇತುವೆಯ ಪಕ್ಕ, ತೊಂಬತ್ತು ಅಡಿ ಎತ್ತರದ ಕಬ್ಬಿಣದ ಚೌಕಟ್ಟಿನ ಮೇಲೆ ಅನಕ್ಲೇತೋ ಬಾಂತಿಲಾನ್ ಕಾಲು ಇಳಿಬಿಟ್ಟು ಕೂತಿದ್ದಾರೆ. ಬಾಯಲ್ಲಿ ಅರ್ಧ ಪಾಂದೆಸಾಲ್ ಬನ್ನು, ಕೈಯಲ್ಲಿ ಹಗ್ಗದ ತುದಿ. ರೇಡಿಯೊದಲ್ಲಿ ಚಂಡಮಾರುತದ ಮೊದಲ ಎಚ್ಚರಿಕೆ ಬಂದಾಗಿದೆ. ಒಂದು ಎಳೆತ, ಗಂಟು ಬಿಚ್ಚಿಕೊಂಡಿತು. ಇನ್ನು ಮುನ್ನೂರ ಹನ್ನೊಂದು ಉಳಿದಿವೆ.

ಬೀದಿಯವರ ಬಾಯಲ್ಲಿ ಇವರು ಮಾಂಗ್ ಕ್ಲೇತೋ, ಅಂದರೆ ಕ್ಲೇತೋ ಮಾಮ. ವಯಸ್ಸು ಐವತ್ತೆಂಟು. ಮೂವತ್ತೊಂದು ವರ್ಷಗಳಿಂದ ಹೋರ್ಡಿಂಗ್ ಬಟ್ಟೆ ಕಟ್ಟುವುದು, ಇಳಿಸುವುದು ಇವರ ಕೆಲಸ. ಎಡಗೈಯ ಎರಡು ಬೆರಳು ಇದೇ ಕೆಲಸಕ್ಕೆ ಹೋಗಿವೆ. ಉಳಿದವರು ಬಟ್ಟೆಯನ್ನು ತಂತಿಯಲ್ಲಿ ಬಿಗಿದು ಮಧ್ಯಾಹ್ನಕ್ಕೆಲ್ಲ ಮನೆಗೆ ಹೋಗುತ್ತಾರೆ. ಇವರದು ಹಗ್ಗ, ಪ್ರತಿ ಗಂಟೂ ಜಾರುಗಂಟು, ಸಂಜೆಯವರೆಗೆ ಕೆಲಸ. ಗುತ್ತಿಗೆದಾರನ ಗೊಣಗಾಟ ಇವರಿಗೆ ಅಭ್ಯಾಸವಾಗಿಹೋಗಿದೆ. ಹಗ್ಗವೇ ಯಾಕೆಂದು ಕೇಳಿದರೆ ಮಾಂಗ್ ಕ್ಲೇತೋ ಹೇಳುವುದಿಷ್ಟು:

“ಗಾಳಿ ಬಂದ್ರೆ ಆ ಬಟ್ಟೆ ಹಾಯಿ ಆಗತ್ತೆ, ಕಬ್ಬಿಣ ಸಮೇತ ಮಗುಚತ್ತೆ. ತಂತಿ ಬಿಚ್ಕೊಂಡು ಕೂತ್ಕೊಳ್ಳೋಕೆ ಆಗ ಟೈಮೆಲ್ಲಿರತ್ತೆ? ಸಮಾರ್ ದ್ವೀಪದಲ್ಲಿ ನಮ್ಮಪ್ಪಂಗೆ ದೋಣಿ ಇತ್ತು. ಹಾಯಿ ಕಟ್ಟೋದು ಆಮೇಲೆ ಕಲಿಸಿದ, ಬಿಚ್ಚೋದು ಮೊದ್ಲು ಕಲಿಸಿದ.”

ಆ ಪಾಠಕ್ಕೆ ಬೆಲೆ ತೆರಬೇಕಾದದ್ದು ಎರಡು ವರ್ಷದ ಹಿಂದೆ. ಒಂದು ಸಾಬೂನು ಕಂಪನಿ ಸಮಾಜಸೇವೆಯ ಪ್ರಚಾರ ಹಮ್ಮಿಕೊಂಡಿತ್ತು: ‘ಒಂದು ಸಾಬೂನು, ಒಂದು ಸೂರು’. ನೀವು ಸಾಬೂನು ಕೊಂಡರೆ, ಗಾಳಿಗೆ ಮನೆ ಕಳೆದುಕೊಂಡವರಿಗೆ ಅದರಲ್ಲೊಂದು ಪಾಲು. ಅದಕ್ಕಾಗಿ ಮಾಂಗ್ ಕ್ಲೇತೋ ಕಟ್ಟಿದ್ದ ಹೋರ್ಡಿಂಗಿನ ಬುಡದಲ್ಲೇ ತಗಡಿನ ಸೂರಿನ ಹತ್ತೊಂಬತ್ತು ಮನೆಗಳು. ಉದ್ಘಾಟನೆಯ ದಿನವೇ ಬೆಳಗ್ಗೆ ಎಚ್ಚರಿಕೆ ಬಂತು. ಹಿಂದೆಯೇ ಪ್ರಚಾರದ ಮುಖ್ಯಸ್ಥೆ ಕರಿಸ್ಸಾ ಅವರ ಫೋನ್.

“ಮಾಂಗ್ ಕ್ಲೇತೋ, ಹತ್ತು ಗಂಟೆವರೆಗೆ ಇಳಿಸ್ಬೇಡಿ. ಕ್ಯಾಮೆರಾದವ್ರು ಹೊರಟಾಗಿದೆ.”

“ಮೇಡಂ, ಹತ್ತು ಗಂಟೆಗೆ ಗಾಳಿ ನನ್ನ ಹತ್ತೋಕೇ ಬಿಡಲ್ಲ.”

“ಇಳಿಸಿದ್ರೆ ನಿಮ್ಗೆ ಕೆಲಸ ಇರಲ್ಲ, ನೋಡಿ.”

“ಆಯ್ತು ಮೇಡಂ.” ಫೋನ್ ಜೇಬಿಗಿಟ್ಟು ಹತ್ತಿದರು. ಗಂಟೆಯೊಳಗೆ ಬಟ್ಟೆ ನೆಲ ಕಂಡಿತು.

ಮಧ್ಯಾಹ್ನ ಇನ್ನೂರು ಹೆಜ್ಜೆ ಆಚೆ, ತಂತಿಯಲ್ಲಿ ಬಿಗಿದಿದ್ದ ಮತ್ತೊಂದು ಹೋರ್ಡಿಂಗ್ ಬುಡಸಮೇತ ಖಾಲಿ ಮೈದಾನಕ್ಕೆ ಬಿತ್ತು. ಮಾಂಗ್ ಕ್ಲೇತೋ ಅವರ ಬರಿ ಚೌಕಟ್ಟು ಗಾಳಿಯನ್ನು ದಾಟಲು ಬಿಟ್ಟು ನಿಂತಿತ್ತು. ಹತ್ತೊಂಬತ್ತು ಮನೆಯವರೂ ಉಳಿದರು. ಆದರೆ ಕರಿಸ್ಸಾ ಹೇಳಿದಂತೆಯೇ ಗುತ್ತಿಗೆದಾರ ಇವರನ್ನು ಕೆಲಸದಿಂದ ತೆಗೆದ.

ನಾಲ್ಕು ತಿಂಗಳು ಹೆಂಡತಿ ಪುರಿಂಗ್ ಅವರ ಬಾಳೆಹಣ್ಣು ಕರಿಯುವ ಗಾಡಿಯಲ್ಲಿ ಕೂತರು. “ಆಕಾಶಕ್ಕೆ ಹತ್ತೋ ಗಂಡಸು, ಒಂದು ಹಣ್ಣು ಮಗುಚೋಕೆ ಬರಲ್ಲ. ಎಲ್ಲಾ ಸೀಯಿಸ್ದ” ಎಂದು ಆಕೆ ಇವತ್ತಿಗೂ ರೇಗಿಸುತ್ತಾರೆ.

ಅಷ್ಟರಲ್ಲಿ ಬರಿ ಚೌಕಟ್ಟು, ಅದರ ಕೆಳಗೆ ಗಟ್ಟಿಯಾಗಿ ಉಳಿದ ಸೂರುಗಳು — ಯಾರೋ ತೆಗೆದ ಈ ಫೋಟೊ ಊರಿನ ಫೋನುಗಳಲ್ಲೆಲ್ಲ ಓಡಾಡಿತು. ಸಾಬೂನು ಕಂಪನಿ ಅದನ್ನೇ ಹೋರ್ಡಿಂಗ್ ಬಟ್ಟೆಯ ಮೇಲೆ ದೊಡ್ಡದಾಗಿ ಅಚ್ಚು ಹಾಕಿಸಿತು. ಮೇಲೊಂದು ಸಾಲು: ‘ಜಾಹೀರಾತಿಗಿಂತ ನಿಮ್ಮ ಸೂರು ದೊಡ್ಡದು. ನಾವು ಮೊದಲು ಇಳಿಸಿದೆವು.’ ಆ ಪ್ರಚಾರಕ್ಕೆ ಪ್ರಶಸ್ತಿಯೂ ಬಂತು. ಕ್ಲೇತೋ ಅವರ ಹೆಸರು ಎಲ್ಲಿಯೂ ಇಲ್ಲ. ಕೇಳಿದವರಿಗೆ ಮೈ ಉರಿಯುತ್ತದೆ.

ಆ ಬಟ್ಟೆ ಕಟ್ಟಲು ಹಗ್ಗದ ಗಂಟೇ ಬೇಕೆಂದು ಕಂಪನಿ ಪಟ್ಟು ಹಿಡಿಯಿತು. ಗುತ್ತಿಗೆದಾರ ತಾನೇ ಬಾಳೆಹಣ್ಣಿನ ಗಾಡಿಯವರೆಗೆ ಬಂದ. ಮಾಂಗ್ ಕ್ಲೇತೋ ಕೇಳಿದ್ದು ಒಂದೇ: ಎಚ್ಚರಿಕೆ ಬಂದ ಕೂಡಲೇ ಇಳಿಸುತ್ತೇನೆ, ಯಾರನ್ನೂ ಕೇಳುವುದಿಲ್ಲ. ಈಗ ಸೇತುವೆ ಪಕ್ಕದ ಹನ್ನೆರಡು ಹೋರ್ಡಿಂಗ್‌ಗಳಿಗೂ ಜಾರುಗಂಟೇ.

ಇಂದು ಅವರು ಇಳಿಸುತ್ತಿರುವುದು ಅದೇ ಬಟ್ಟೆಯನ್ನು. ಆರೂವರೆಗೆ ಕೊನೆಯ ಗಂಟು ಬಿಚ್ಚುತ್ತದೆ. ಜೇಬಿನ ಫೋನ್ ಒಮ್ಮೆಯೂ ಸದ್ದು ಮಾಡಿಲ್ಲ. ಕೆಳಗಿಳಿದು ಬಟ್ಟೆ ಸುತ್ತುವಾಗ ಕಾಫಿ ಹಿಡಿದು ಬಂದ ಪುರಿಂಗ್ ಅದರ ಮೇಲೆ ಅಚ್ಚಾದ ಸಾಲನ್ನು ಕಾಲಲ್ಲಿ ತೋರಿಸುತ್ತಾರೆ.

“‘ನಾವು’ ಅಂತೆ. ಈ ‘ನಾವು’ ಅನ್ನೋರಲ್ಲಿ ಒಬ್ರಾದ್ರೂ ಮೇಲೆ ಹತ್ತಿದ್ರಾ?”

ಮಾಂಗ್ ಕ್ಲೇತೋ ಕಾಫಿಗೆ ಬನ್ನು ಅದ್ದುತ್ತಾರೆ. “ಹಾಕ್ಕೊಳ್ಳಲಿ ಬಿಡೇ. ಬರ್ದಿರೋದು ನಿಜ ತಾನೆ? ಅದನ್ನ ನಿಜ ಮಾಡಿದ್ದು ನಾನು.”