ಮೊದಲು ಕೆಡುವುದು ಏನು?

ತೊಂಬತ್ತರ ದಶಕದಲ್ಲಿ ಸಿಲೋನಿನಿಂದ ಬಂದು ಪಾಂಡವಪುರದಲ್ಲಿ ಮೊದಲ ಕಂಪ್ಯೂಟರ್ ಅಂಗಡಿ ತೆರೆದ ಹಿರಿಯರೊಬ್ಬರು, ಹೊಸದಾಗಿ ಅಂಗಡಿ ಇಡುವವರಿಗೆ ಬಂಡವಾಳವನ್ನೂ ಕೊಡುತ್ತಿದ್ದರು. ಹಾಗೆ ಕೇಳಿ ಬಂದವರಿಗೆಲ್ಲ ಕಾಫಿ ಕೊಟ್ಟು, ಕನ್ನಡಕ ಒರೆಸುತ್ತ ಒಂದೇ ಪ್ರಶ್ನೆ ಹಾಕುತ್ತಿದ್ದರು: "ಮೊದಲು ಕೆಡುವುದು ಏನು?"

ಟೈಪಿಂಗ್ ಅಂಗಡಿ ಇಡಬೇಕೆಂದು ಹೋದ ನಾನು ಎದೆಯುಬ್ಬಿಸಿ, "ಏನೂ ಕೆಡಾಕಿಲ್ಲ ಸಾ" ಎಂದೆ. ಅವರು ನಕ್ಕು ಇನ್ನೊಂದು ಲೋಟ ಕಾಫಿ ತರಿಸಿದರು, ಅಷ್ಟೇ.

ಪಕ್ಕದಲ್ಲಿ ಶೀಳನೆರೆ ಹಳ್ಳಿಯ ಹೆಂಗಸೊಬ್ಬಳು ಅದೇ ಆಸೆಯಿಂದ ಕೂತಿದ್ದಳು. "ಮೊದ್ಲು ಕೈ ಕೊಡೋದು ಕರೆಂಟು ಸಾ. ನಮ್ಮೂರಲ್ಲಿ ಅದು ಬರೋದೇ ಎಮ್ಮೆ ಕರೆಯೋ ಒತ್ನಲ್ಲಿ. ಅದ್ಕೇ ಎಮ್ಮೆನ ಅತ್ತೆಗೆ ಒಪ್ಸಿ ಬಂದಿವ್ನಿ" ಎಂದಳು.

ಅವರು ಕನ್ನಡಕ ಹಾಕಿಕೊಂಡು, ತಮ್ಮ ಮೇಜಿನ ಕಂಪ್ಯೂಟರಿನ ವೈರುಗಳನ್ನೇ ಬಿಚ್ಚತೊಡಗಿದರು. ಅದನ್ನು ಅವಳ ಊರಿನ ಬಸ್ಸಿನವರೆಗೆ ಹೊತ್ತವನು ನಾನು. ಟೈಪಿಂಗ್ ಕಲಿತದ್ದು ಆಮೇಲೆ, ಅವಳ ಅಂಗಡಿಯಲ್ಲಿ, ಎಮ್ಮೆ ಕರೆಯುವ ಹೊತ್ತಿನಲ್ಲಿ.