ನಿನ್ನೆಯ ಪೇಪರು

ಮೊದಲು ಕೈಕೊಟ್ಟದ್ದು ಹದಿಮೂರರ ಮಗ್ಗಿ.

ಕಾರ್ಕಳದ ಹೈಸ್ಕೂಲಿನಲ್ಲಿ ಮೂವತ್ತನಾಲ್ಕು ವರ್ಷ ಗಣಿತ ಕಲಿಸಿದವಳು ನಾನು. ಕಾಪುವಿನ ಈ ವೃದ್ಧಾಶ್ರಮಕ್ಕೆ ಬಂದ ಮೇಲೂ ಸ್ನಾನ ಮಾಡುವಾಗ ಮಗ್ಗಿ ಹೇಳಿಕೊಳ್ಳುವ ಅಭ್ಯಾಸ ಬಿಟ್ಟಿರಲಿಲ್ಲ. ಆಗಸ್ಟಿನ ಒಂದು ಬೆಳಿಗ್ಗೆ ಹದಿಮೂರು ಏಳಲಿ ಎಂದೆ. ಮುಂದೆ ಬರಲಿಲ್ಲ. ಚೆಂಬು ಹಿಡಿದುಕೊಂಡೇ ನಿಂತೆ. ಬಕೆಟಿನ ಬಿಸಿನೀರು ತಣ್ಣಗಾಯಿತು, ತೊಂಬತ್ತೊಂದು ಮಾತ್ರ ಬರಲೇ ಇಲ್ಲ.

ಯಾರಿಗೂ ಹೇಳಲಿಲ್ಲ. ಹೇಳಿದರೆ ಗಣಿತದ ಟೀಚರ ಮರ್ಯಾದೆ ಏನಾಗಬೇಕು?

ಅದೇ ತಿಂಗಳು ಮಣಿಪಾಲದಿಂದ ಒಬ್ಬ ಚಿಕ್ಕ ಪ್ರಾಯದ ಡಾಕ್ಟರು ಬಂದರು. ಎಲ್ಲರ ಜ್ಞಾಪಕಶಕ್ತಿ ನೋಡುತ್ತಾರಂತೆ, ಸ್ಕ್ರೀನಿಂಗ್ ಅಂತೆ. ನಮ್ಮಲ್ಲಿ ಸುದ್ದಿ ಹುಟ್ಟುವುದೇ ಶೀನಣ್ಣನ ಬಾಯಲ್ಲಿ. ಮೊದಲ ದಿನ ಒಳಗೆ ಹೋಗಿಬಂದ ಅವರು ಊಟದ ಹಾಲಿನಲ್ಲಿ ಹೇಳಿದರು: "ಫೇಲ್ ಆದವರನ್ನು ಹಿಂದಿನ ಬ್ಲಾಕಿಗೆ ಹಾಕ್ತಾರಂತೆ ಮಾರಾಯ್ರೆ."

ಹಿಂದಿನ ಬ್ಲಾಕಿನ ಗೇಟಿಗೆ ಬೀಗ ಉಂಟು. ಅಲ್ಲಿಗೆ ಹೋದವರು ವಾಪಸು ಬಂದದ್ದನ್ನು ನಾವು ಯಾರೂ ನೋಡಿಲ್ಲ.



"ಪ್ರಶ್ನೆ ಎಂತೆಂತ ಬಂತು ಶೀನಣ್ಣ?" ಎಂದು ಸಹಜವೆಂಬಂತೆ ಕೇಳಿದೆ. ಪುಣ್ಯಾತ್ಮ ಒಂದೂ ಬಿಡದೆ ಹೇಳಿದರು. ಐದು ಶಬ್ದ ಹೇಳಿ, ಐದು ನಿಮಿಷ ಬಿಟ್ಟು ಮತ್ತೆ ಕೇಳುತ್ತಾರೆ: ತೆಂಗು, ಕನ್ನಡಕ, ಬೆಕ್ಕು, ಬಾವಿ, ಕೆಂಪು. ನೂರರಿಂದ ಏಳು ಏಳು ಕಳೆಯುತ್ತಾ ಹೋಗಬೇಕು. ಇದು ಯಾವ ತಿಂಗಳೆಂದು ಹೇಳಬೇಕು.

ಕಾಪಿ ಹೊಡೆದ ಮಕ್ಕಳ ಕಿವಿ ಹಿಂಡಿದವಳು ನಾನು. ಆ ಸಂಜೆಯೇ ನಮ್ಮ ರೂಮಿನಲ್ಲಿ ಕೋಚಿಂಗ್ ಕ್ಲಾಸ್ ತೆರೆದೆ. ವಿದ್ಯಾರ್ಥಿನಿ ಒಬ್ಬರೇ, ನನ್ನ ರೂಮಿನ ಜೊತೆಗಾತಿ ಗಿರಿಜಕ್ಕ. ನಿಟ್ಟೆಯ ಹಾಸ್ಟೆಲೊಂದರಲ್ಲಿ ಅಡುಗೆ ಮಾಡಿಕೊಂಡಿದ್ದವರು. "ಪಾಪ, ಹೆಚ್ಚು ಓದಿದವರಲ್ಲ, ಫೇಲಾದರೆ ಕಷ್ಟ" ಎಂದು ಕಂಡವರಿಗೆಲ್ಲ ಹೇಳಿದೆ.

"ಇದು ಯಾವ ತಿಂಗಳು?"

"ಸೋಣ."

"ತುಳು ತಿಂಗಳು ಬೇಡ ಗಿರಿಜಕ್ಕ. ಡಾಕ್ಟರು ಧಾರವಾಡದ ಕಡೆಯವರು, ಸೊನ್ನೆ ಹಾಕಿಯಾರು. ಆಗಸ್ಟ್ ಹೇಳಿ."

"ಆಗಸ್ಟಿನಲ್ಲಿ ಎಂತ ಉಂಟು ಟೀಚರ್? ಸೋಣದಲ್ಲಾದರೆ ಹೊಸ್ತಿಲಿಗೆ ಪೂಜೆಯಾದರೂ ಉಂಟು."

ನೂರರಿಂದ ಏಳು ಕಳೆಯಲು ಅವರಿಗೆ ಬರಲಿಲ್ಲ. ನೂರು ಇಡ್ಲಿಯಿಂದ ಏಳೇಳು ತೆಗೆಯಿರಿ ಎಂದರೆ ಎರಡು ಇಡ್ಲಿ ಉಳಿಯುವವರೆಗೆ ಸರಸರನೆ ಇಳಿದರು. ಅದು ಸರಿಯೋ ತಪ್ಪೋ ಎಂದು ನೋಡಲು ನಾನು ದಿಂಬಿನ ಕೆಳಗೆ ಬೆರಳು ಮಡಚುತ್ತಿದ್ದೆ.

ಮರುದಿನ ನನ್ನ ಸರದಿ ಮೊದಲು ಬಂತು. "ಆರಾಮ್ ಕೂಡ್ರಿ ಅಮ್ಮಾರ, ಇದೇನ್ ಪರೀಕ್ಷಾ ಅಲ್ರಿ" ಎಂದರು ಡಾಕ್ಟರು. ಐದು ಶಬ್ದ ಹೇಳಿದರು. ಕಿವಿಗೊಡುವ ಗೋಜಿಗೇ ಹೋಗಲಿಲ್ಲ. ನನಗೆ ಗೊತ್ತಿತ್ತಲ್ಲ. ಕಳೆಯುವ ಲೆಕ್ಕದಲ್ಲಿ ಎಂಬತ್ತಾರಕ್ಕೆ ನಿಂತೆ. ನಾಚಿಕೆ ಬಿಟ್ಟು ಮನಸ್ಸಿನಲ್ಲೇ ಇಡ್ಲಿ ಎಣಿಸಿದೆ. ಎಪ್ಪತ್ತೊಂಬತ್ತು ಸಿಕ್ಕಿತು.

ಐದು ನಿಮಿಷ ಬಿಟ್ಟು ಶಬ್ದಗಳನ್ನು ಕೇಳಿದರು. ಒಂದೇ ಉಸಿರಿಗೆ ಒಪ್ಪಿಸಿದೆ. "ತೆಂಗು, ಕನ್ನಡಕ, ಬೆಕ್ಕು, ಬಾವಿ, ಕೆಂಪು."

ಡಾಕ್ಟರ ಪೆನ್ನು ನಿಂತಿತು.

"ಇವು ನಿನ್ನಿ ಶಬ್ದ ಅಮ್ಮಾರ. ಇವತ್ತ ಬ್ಯಾರೆ ಕೊಟ್ಟೇನ್ರಿ."

ನೆನಪಿಸಿಕೊಳ್ಳಲು ಹೋದೆ. ಒಂದೂ ಇರಲಿಲ್ಲ. ಅತ್ತುಬಿಟ್ಟೆ. ಎಪ್ಪತ್ತೈದರ ಪ್ರಾಯದಲ್ಲಿ, ಮೊಮ್ಮಗನಂಥವರ ಎದುರು, ಸೆರಗಿನಲ್ಲಿ ಮೂಗೊರೆಸಿಕೊಳ್ಳುತ್ತಾ ಎಲ್ಲ ಹೇಳಿದೆ: ಮಗ್ಗಿ ಮರೆತದ್ದು, ಪ್ರಶ್ನೆಗಳನ್ನು ಮೊದಲೇ ತಿಳಿದುಕೊಂಡದ್ದು, ಕ್ಲಾಸ್ ಮಾಡಿದ್ದು ಗಿರಿಜಕ್ಕನ ನೆಪದಲ್ಲಿ ನನಗಾಗಿಯೇ ಎಂಬುದು. "ನನ್ನನ್ನು ಹಿಂದಿನ ಬ್ಲಾಕಿಗೆ ಹಾಕಬೇಡಿ ಡಾಕ್ಟ್ರೆ."

"ಯಾರ್ ಹೇಳಿದ್ರು ನಿಮಗ? ದಾರಿ ತಪ್ಪಿ ಹೊರಗ ಹೋಗೋರಿಗಷ್ಟ ಅದು. ನೀವು ಎಲ್ಲಿಗೂ ಹೋಗೂದಿಲ್ರಿ."

ರಕ್ತ ಪರೀಕ್ಷೆಯಲ್ಲಿ ವಿಟಮಿನ್ ಬಿ ಟ್ವೆಲ್ವ್ ತುಂಬಾ ಕಡಿಮೆ ಇತ್ತು. ಇಂಜೆಕ್ಷನ್ ಶುರುವಾಯಿತು. ನನ್ನ ಮರೆವಿಗೆ ಮೈಲ್ಡ್ ಕಾಗ್ನಿಟಿವ್ ಇಂಪೇರ್‌ಮೆಂಟ್ ಎಂದು ಹೆಸರಂತೆ. ಅಷ್ಟುದ್ದದ ಹೆಸರಿನಲ್ಲಿ ನಾನು ಮೈಲ್ಡ್ ಎಂಬುದನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಇಂಜೆಕ್ಷನ್ನಿಂದ ಸ್ವಲ್ಪ ಸುಧಾರಿಸಬಹುದು, ಸುಧಾರಿಸದೆಯೂ ಇರಬಹುದು ಎಂದರು.

ರೂಮಿಗೆ ಬಂದು ಗಿರಿಜಕ್ಕನಿಗೆ ಹೇಳಿದೆ. ಅವರು ಬಟ್ಟೆ ಮಡಚುವುದನ್ನು ನಿಲ್ಲಿಸಲೂ ಇಲ್ಲ.

"ನೀವು ದಿಂಬಿನ ಕೆಳಗೆ ಬೆರಳು ಎಣಿಸುವುದು ನನಗೆ ಕಾಣ್ತಿತ್ತು ಟೀಚರ್."

"ಮತ್ತೆ ಕ್ಲಾಸಿಗೆ ಯಾಕೆ ಕೂತಿರಿ?"

"ನಿಮಗೆ ಅಭ್ಯಾಸ ಆಗ್ಲಿ ಅಂತ."

ಮೂರು ತಿಂಗಳ ಮೇಲೆ, ಮೊನ್ನೆ, ಡಾಕ್ಟರು ಮತ್ತೆ ಬಂದರು. ಈ ಸಲ ಕಿವಿಗೊಟ್ಟು ಕೇಳಿದೆ. ಐದು ನಿಮಿಷದ ಮೇಲೆ ಕೊಡೆ ಬಂತು, ಉಪ್ಪು ಬಂತು. ತಡವಾಗಿ ಹಗ್ಗವೂ ಬಂತು. ಮತ್ತೆ ಕತ್ತಲೆ. ಕತ್ತೆತ್ತಿದರೆ ಡಾಕ್ಟರ ಬೆನ್ನ ಹಿಂದಿನ ಕಿಟಕಿಯಲ್ಲಿ ಗಿರಿಜಕ್ಕ. ಹೊರಗೆ ನಿಂತು ಎಲ್ಲ ಕೇಳಿಸಿಕೊಂಡಿದ್ದಾರೆ. ಎರಡೂ ಕೈಯನ್ನು ತಲೆಯ ಹಿಂದೆ ಬಿಡಿಸಿ ಹಿಡಿದು, ಕತ್ತು ಕೊಂಕಿಸಿ, ಯಾವುದೋ ಹಕ್ಕಿಯಾಗಲು ಒದ್ದಾಡುತ್ತಿದ್ದಾರೆ.

ಇನ್ನೊಂದು ಕ್ಷಣ ನೋಡಿದ್ದರೆ ಉತ್ತರ ಸಿಗುತ್ತಿತ್ತು. ನಾನು ಕಣ್ಣು ಮುಚ್ಚಿಕೊಂಡೆ.

"ಉಳಿದೆರಡು ಗೊತ್ತಿಲ್ಲ ಡಾಕ್ಟ್ರೆ" ಎಂದೆ.

ಅವರು ಮೂರು ಎಂದು ಬರೆದುಕೊಂಡರು. ಮೂರೂ ನನ್ನವೇ.