ಇಪ್ಪತ್ತಮೂರು ಬಿರುಕುಗಳ ಕಾವಲು

ಬೆಳಗಿನ ಐದೂವರೆ. ಠಾಣೆಯ ಹಿಂಬದಿಯ ಮೆಟ್ಟಿಲ ಬಳಿ ಮಹಿಳಾ ಹೆಡ್ ಕಾನ್‌ಸ್ಟೇಬಲ್ ನಿಂತಿದ್ದಾರೆ. ಬೆರಳಗಲದ ಕಾಗದದ ಪಟ್ಟಿಗೆ ಅಂಟು ಸವರಿ, ಗೋಡೆಯ ಬಿರುಕಿಗೆ ಅಡ್ಡಲಾಗಿ ಹಚ್ಚಿ, ಹೆಬ್ಬೆರಳಿನಿಂದ ಒತ್ತುತ್ತಾರೆ. ಮೇಲೆ ಪೆನ್ಸಿಲಿನಲ್ಲಿ ತಾರೀಖು. ಬಿರುಕು ಅಗಲವಾದರೆ ಕಾಗದ ಹರಿಯುತ್ತದೆ. ಠಾಣೆಯಲ್ಲಿ ಹದಿನಾಲ್ಕು, ಕ್ವಾರ್ಟರ್ಸ್‌ನಲ್ಲಿ ಒಂಬತ್ತು. ಇಪ್ಪತ್ತಮೂರನ್ನೂ ನೋಡಿದ ಮೇಲೆಯೇ ಅವರಿಗೆ ಚಹಾ.

ಪತ್ರಿಕೆಗೆ ಬರೆಯಲು ಬಂದ ನನ್ನನ್ನು ಕಂಡೊಡನೆ ನನ್ನ ನೋಟ್‌ಬುಕ್ಕಿಗೆ ಕೈ ಚಾಚುತ್ತಾರೆ. "ಕೊಡಮ್ಮ ಇಲ್ಲಿ. ಯಾರು ಕಳಿಸಿದ್ದು ನಿನ್ನ? ಆಸ್ಪತ್ರೆಯವರಾ, ಸಾಹೇಬ್ರಾ?" ನಾಲ್ಕು ಪುಟ ಮಗುಚಿ ವಾಪಸು ಕೊಡುತ್ತಾರೆ. ನಂಬಿದಂತೆ ಕಾಣುವುದಿಲ್ಲ. ಮಾತಾಡುವಾಗಲೂ ಅವರ ಕಣ್ಣು ನನ್ನ ತಲೆಯ ಮೇಲಿನ ತೊಲೆಯಲ್ಲೇ ಇರುತ್ತದೆ.

"ಬಿರುಕಕ್ಕ, ನನ್ನ ಹಿಮ್ಮಡಿಗೂ ಒಂದು ಹಚ್ಚಿ" ಎಂದು ಜೀಪಿನ ಚಾಲಕ ಕಿಚಾಯಿಸುತ್ತಾನೆ.

"ನಿನ್ನ ಹಿಮ್ಮಡಿ ಬಿದ್ರೆ ಯಾರೂ ಸಾಯಲ್ಲ ಬಿಡೋ."

ಹನ್ನೆರಡು ವರ್ಷದ ಹಿಂದೆ ಮೂರಂತಸ್ತಿನ ಬಾಡಿಗೆ ಕಟ್ಟಡವೊಂದು ಕುಸಿಯಿತು. ಪೊಲೀಸ್ ರಕ್ಷಣಾ ತಂಡದಲ್ಲಿ ಇವರೇ ತೆಳ್ಳಗಿದ್ದದ್ದರಿಂದ ಅವಶೇಷಗಳ ಸಂದಿಯೊಳಗೆ ಇವರನ್ನೇ ಇಳಿಸಿದರು. ನಾಲ್ವರನ್ನು ಜೀವಂತ ಎಳೆದು ತಂದರು, ಆಮೇಲೆ ಹತ್ತೊಂಬತ್ತು ಹೆಣಗಳನ್ನು. ಇಷ್ಟು ಪ್ರಶಂಸಾಪತ್ರದಲ್ಲಿದೆ. ಅದರಲ್ಲಿ ಇಲ್ಲದ್ದು, ಹಿಂದಿನ ದಿನವೇ ಅವರು ವಿಳಾಸ ಪರಿಶೀಲನೆಗೆಂದು ಅದೇ ಕಟ್ಟಡಕ್ಕೆ ಹೋಗಿದ್ದದ್ದು.

"ಗೋಡೆಗೆ ಒರಗಿ ಬರೀತಿದ್ದೆ. ರಿಜಿಸ್ಟರ್ ಮೇಲೆ ಗಾರೆ ಪುಡಿ ಬಿತ್ತು. ಊದಿ, ಸಹಿ ಹಾಕಿಸ್ಕೊಂಡು ಬಂದೆ." ಅಂಟಿನ ಡಬ್ಬಿಯ ಮುಚ್ಚಳ ತಿರುಗಿಸುತ್ತಾ ಹೇಳುತ್ತಾರೆ, "ಬಿರುಕು ಕಂಡಿತ್ತು. ನನ್ನ ಕೆಲಸ ಅದಲ್ಲ ಅಂದ್ಕೊಂಡೆ."

ಗಂಡ ದರ್ಜಿ. "ಮೂರು ಗಂಟೆ ಮಲಗಿದ್ರೆ ಹೆಚ್ಚು ಇವಳು" ಎನ್ನುತ್ತಾರೆ. "ಮಧ್ಯೆ ಎದ್ದು ಮಗಳ ಮಂಚಾನ ಗೋಡೆಯಿಂದ ದೂರ ಎಳೀತಾಳೆ. ಮಗಳಿಗೂ ರೂಢಿಯಾಗಿದೆ, ಎಚ್ಚರಾನೇ ಆಗಲ್ಲ."

ಆದರೂ ಇವರು ಇನ್ನೂ ರಕ್ಷಣಾ ತಂಡದಲ್ಲಿದ್ದಾರೆ. ಆ ಕುಸಿತದ ನಂತರ ಮೂವತ್ತೊಂದು ಸಲ ಅವಶೇಷಗಳಡಿ ಇಳಿದಿದ್ದಾರೆ. ಅಲ್ಲಿ ಹೆದರಿಕೆಯಿಲ್ಲವಂತೆ. "ಅಲ್ಲಿ ಎಲ್ಲ ಬಿದ್ದಾಗಿರುತ್ತಲ್ಲ. ನಿಂತಿರೋ ಗೋಡೆ ಕಂಡ್ರೇನೇ ನಂಗೆ ಭಯ."

ವರ್ಷಕ್ಕೊಮ್ಮೆ ಇಲಾಖೆಯಿಂದ ಆರೋಗ್ಯದ ಹಾಳೆ ಬರುತ್ತದೆ. 'ನಿದ್ರೆ ಚೆನ್ನಾಗಿ ಬರುತ್ತದೆಯೇ?' ಇವರು ಪ್ರತಿ ಸಲವೂ 'ಹೌದು' ಎಂದೇ ಬರೆದಿದ್ದಾರೆ. ಹೋದ ವರ್ಷ ತಂಡದ ಜೊತೆಗಾರರೊಬ್ಬರು 'ಇಲ್ಲ' ಎಂದು ಬರೆದರು. ವಾರದೊಳಗೆ ಅವರ ಹೆಸರು ತಂಡದ ಪಟ್ಟಿಯಿಂದ ಹೋಯಿತು. ಈಗ ಟಪಾಲು ವಿಭಾಗದಲ್ಲಿ ಮುದ್ರೆ ಒತ್ತುತ್ತಾರೆ. "ಡಾಕ್ಟ್ರು ಯಾರಿಗೂ ಹೇಳಲ್ಲ ಅಂತಾರೆ. ಹಂಗಾದ್ರೆ ಹಾಳೆಗೆ ಕಾಲು ಬಂತಾ?" ಎಂದು ಇವರು ಕೇಳುತ್ತಾರೆ.

ಈ ವರ್ಷದ ಹಾಳೆ ಇವತ್ತು ಕೊಡಬೇಕು. ಎಂಟು ಗಂಟೆಯ ಹಾಜರಿಯಲ್ಲಿ ಸಾಲಾಗಿ ಎಲ್ಲರೂ ಠಾಣೆಯ ಸಾಹೇಬರ ಮೇಜಿನ ಮೇಲೆ ಇಟ್ಟು ಸರಿಯುತ್ತಾರೆ. ಇವರು ಇಟ್ಟು ಅಲ್ಲೇ ನಿಲ್ಲುತ್ತಾರೆ.

"ಈ ಸಲ ನಿದ್ರೆ ಇಲ್ಲ ಅಂತ ಬರ್ದಿದೀನಿ ಸಾರ್. ಡಾಕ್ಟ್ರ ಹತ್ರ ಹೋಗ್ತೀನಿ. ತಂಡದಿಂದ ಮಾತ್ರ ನನ್ನ ತೆಗೀಬೇಡಿ."

ಸಾಹೇಬರು ಆ ಹಾಳೆಯನ್ನು ಉಳಿದವುಗಳ ಅಡಿಗೆ ಸೇರಿಸುತ್ತಾರೆ. ಜೀಪಿನ ಚಾಲಕ ತನ್ನ ಬೂಟು ನೋಡಿಕೊಳ್ಳುತ್ತಾನೆ. ಮುಂದಿನವರ ಹೆಸರು ಕೂಗಿದ್ದಾಯಿತು. ಇವರು ಕದಲುವುದಿಲ್ಲ.

"ತೆಗೀಬೇಡಿ ಸಾರ್."